ಸಮುದ್ರದಲ್ಲಿ ಕುರಿ ತರುಬಿದ ಮೇಷ್ಟ್ರು

“ತುಂಬಾ ಶಾಂತ ಸ್ವಭಾವದವರು” ಅಂದ ಆ ಪುಣ್ಯಾತ್ಮ, ಮೇಷ್ಟ್ರು ತೀರಿಹೋದರು ಅಂತ ಶಾಲೆಯಲ್ಲಿ ಕರೆದ ಸಭೆಯಲ್ಲಿ ಮೈಕು ಹಿಡಿದುಕೊಂಡು. ನನಗೆ ಅಂಗಾಲಿನಿಂದ ನೆತ್ತಿವರೆಗೆ ಉರಿದುಹೋಯಿತು. ಶಾಂತ ಸ್ವಭಾವವಂತೆ! ಅವರು ಸೀಮೆಸುಣ್ಣ ಎಸೆದರೆ ಕೊನೆಯ ಬೆಂಚಿನವನ ಕಿವಿಗೇ ತಾಗುತ್ತಿತ್ತು. ನಮ್ಮ ಆಲೂರಿನಲ್ಲಿ ಅವರಿಂದ ಬೈಸಿಕೊಳ್ಳದ ಒಂದು ನರಪಿಳ್ಳೆ ಇರಲಿಲ್ಲ. ಆಮೇಲೆ ಹಳೆಯ ಹೆಡ್‌ಮೇಷ್ಟ್ರು ಕೋಲೂರಿಕೊಂಡು ಎದ್ದು, “ನಮ್ಮ ಶಾಲೆಯ ಕಣ್ಮಣಿ” ಅಂದರು. ಅವರನ್ನು ಶಾಲೆಯಿಂದ ಎತ್ತಂಗಡಿ ಮಾಡಿಸಿದ ಕಾಗದಕ್ಕೆ ಸಹಿ ಹಾಕಿದ ಕೈ ಅದೇ. ನನ್ನನ್ನೂ ಮಾತಾಡಲು ಕರೆದರು. ಎದ್ದು ನಿಂತೆ, ಮೈಕು ಕೈಗೆ ತೊಗೊಂಡು ಹಾಗೇ ವಾಪಸ್ ಕೊಟ್ಟು ಕೂತುಬಿಟ್ಟೆ. ಪಕ್ಕದಲ್ಲಿದ್ದವರು ಅಳು ಅಂದುಕೊಂಡು ಬೆನ್ನು ಸವರಿದರು. ಅಳುವೂ ಅಲ್ಲ, ಎಂಥದೂ ಅಲ್ಲ, ಸಿಟ್ಟು. ಅಲ್ಲಿ ಆಡಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವರ ಹೆಸರು ಮಾತ್ರ ಬರೆಯುವುದಿಲ್ಲ. ಬರೆದರೆ ನಾಳೆ ಆ ಹೆಸರಿನ ಒಂದು ಬೋರ್ಡು ಮಾಡಿಸಿ ಶಾಲೆಯ ಗೋಡೆಗೆ ಹೊಡೆದು ಕೈ ತೊಳೆದುಕೊಳ್ಳುವ ಜನ ಇವರು.

ಅವರು ನನಗೆ ಎಂಟನೇ ಕ್ಲಾಸಿನಲ್ಲಿ ಭೂಗೋಳ ಹೇಳಿಕೊಟ್ಟ ಮೇಷ್ಟ್ರು. ನಮ್ಮ ತಾಲೂಕು ಬಳ್ಳಾರಿ ಜಿಲ್ಲೆ ಬಿಟ್ಟು ಆಂಧ್ರಕ್ಕೆ ಸೇರಿದ ಹೊಸತು. ಆಫೀಸಿನವರೆಲ್ಲ ತೆಲುಗು, ನಾವು ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ. ಅದಕ್ಕಿಂತ ಮುಂಚೆ, ಎಲ್ಲವೂ ಮದ್ರಾಸಿಗೆ ಸೇರಿದ್ದ ಕಾಲದಲ್ಲಿ, ಮೇಷ್ಟ್ರು ಮಂಗಳೂರು ಕಡೆ ಸರ್ಕಾರದ ಮೀನಿನ ಇಲಾಖೆಯಲ್ಲಿ ಕೆಲಸಕ್ಕಿದ್ದರು. ದೋಣಿಯಲ್ಲಿ ಹೋಗಿ, ಹಗ್ಗಕ್ಕೆ ಸೀಸೆ ಕಟ್ಟಿ ಸಮುದ್ರದ ತಳಕ್ಕೆ ಇಳಿಬಿಟ್ಟು, ಅಲ್ಲಿನ ನೀರು ಮೇಲೆ ತಂದು ಎಷ್ಟು ತಣ್ಣಗಿದೆ ಅಂತ ಬರೆದುಕೊಳ್ಳುವ ಕೆಲಸ. ತಾಯಿ ಹಾಸಿಗೆ ಹಿಡಿದರು ಅಂತ ಊರಿಗೆ ಬಂದವರು ಮತ್ತೆ ಹೋಗಲಿಲ್ಲ. ಟ್ರೇನಿಂಗ್ ಆಗಿರಲಿಲ್ಲ, ಆದರೂ ಭೂಗೋಳ ಹೇಳುವವರು ಬೇರೆ ಯಾರೂ ಸಿಗದೆ ಇವರನ್ನು ಇಟ್ಟುಕೊಂಡಿದ್ದರು. ಟ್ರೇನಿಂಗ್ ಆಗಿಲ್ಲ ಅನ್ನುವ ಆ ಮಾತನ್ನು ಹೆಡ್‌ಮೇಷ್ಟ್ರು ವಾರಕ್ಕೆರಡು ಸಲ ನೆನಪು ಮಾಡಿಕೊಡುತ್ತಿದ್ದರು.

ಕಡಲ ಚಾಳಿ ಅವರನ್ನು ಬಿಟ್ಟಿರಲಿಲ್ಲ. ಅಂಗಳಕ್ಕೆ ಬಂದರೆ ಬೆರಳು ಎಂಜಲು ಮಾಡಿ ಮೇಲೆತ್ತಿ ಗಾಳಿ ಯಾವ ಕಡೆಯದು ಅಂತ ನೋಡುತ್ತಿದ್ದರು. ಯಾವ ಬಾವಿಗೆ ಹೋದರೂ ಮೊದಲು ಕೇಳುತ್ತಿದ್ದುದು, “ತಳ ಎಷ್ಟೈತಿ?” ಮಂಗಳೂರಿನಿಂದ ಹಳೆಯ ಸ್ನೇಹಿತ ಒಂದು ಸಲ ಒಣಮೀನಿನ ಗಂಟು ಕಳಿಸಿದ್ದ. ಓಣಿಗೆ ಓಣಿಯೇ ಮೂಗು ಮುಚ್ಚಿಕೊಂಡಿತು. ಮನೆಯ ಯಜಮಾನ ಬಂದು, “ಏನ್ರೀ ಇದು, ಹೆಣ ಸುಟ್ಟಂಗ ನಾರತೈತಿ, ಮನಿ ಖಾಲಿ ಮಾಡ್ರಿ” ಅಂದ. ಇವರು ಬಾಗಿಲಲ್ಲೇ ನಿಂತು, “ನಿಮ್ಮ ಹೊಲಕ್ಕ ಹಾಕೂ ಗೊಬ್ಬರ ಏನು ಮಲ್ಲಿಗಿ ನಾತ ಹೊಡೀತೈತೇನ್ರಿ?” ಅಂದು, ಅವತ್ತೇ ಸಾಮಾನು ಕಟ್ಟಿ ಬೇರೆ ಮನೆಗೆ ಹೋದರು. ಸಾಮಾನೆಂದರೆ ಒಂದು ಟ್ರಂಕು, ಒಂದು ಚಾಪೆ, ತಾಯಿ.

ಶಾಲೆಯಲ್ಲಿ ಒಂದು ಗೋಳ ಇತ್ತು. ಅದರ ಸಮುದ್ರಕ್ಕೆಲ್ಲ ಒಂದೇ ನೀಲಿ. ಮೇಷ್ಟ್ರಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. ಸೀಮೆಸುಣ್ಣ ತೊಗೊಂಡು ಅಲ್ಲಲ್ಲಿ ದಂಡೆಗುಂಟ ಪಟ್ಟೆ ಬಳಿದು, “ಇವು ಹೊಲ. ಉಳಿದದ್ದೆಲ್ಲ ಬೀಳು” ಅನ್ನುತ್ತಿದ್ದರು. “ನೀಲಿ ನೀರು ನೋಡಾಕ ಚಂದ, ಅದರಾಗ ಉಣ್ಣಾಕ ಏನಿಲ್ಲ. ಎಲ್ಲಿ ನೀರು ಹಸರಗೆ, ರಾಡಿ ಆಗಿ, ತಣ್ಣಗೈತೋ ಅಲ್ಲಿ ಮೀನಿನ ಬಲಿ ಒಗೀರಿ.” ಹೆಡ್‌ಮೇಷ್ಟ್ರು ಒದ್ದೆ ಬಟ್ಟೆಯಿಂದ ಅದನ್ನು ಒರೆಸಿಹಾಕುತ್ತಿದ್ದರು. ಮರುದಿನ ಇವರು ಮತ್ತೆ ಬಳಿಯುತ್ತಿದ್ದರು. ವರ್ಷವಿಡೀ ಇದೇ ಜಗಳ.

ನಮ್ಮಲ್ಲಿ ಒಬ್ಬರೂ ಸಮುದ್ರ ಕಂಡವರಲ್ಲ. ತುಂಗಭದ್ರೆ ತುಂಬಿ ಬಂದದ್ದನ್ನು ಮಾಧವರಂ ಹತ್ತಿರ ನೋಡಿದವರೇ ದೊಡ್ಡವರು. ಅಂಥವರ ಮುಂದೆ ನಿಂತು ಆ ಮನುಷ್ಯ ಸಮುದ್ರದ ಹೊಟ್ಟೆ ಬಗೆದು ತೋರಿಸುತ್ತಿದ್ದರು. “ಮ್ಯಾಲ ಸತ್ತಿದ್ದೆಲ್ಲ ತಳಕ್ಕ ಹೋಗತೈತಿ. ಮೀನು, ಪಾಚಿ, ಹೇಲು, ಎಲುಬು ಎಲ್ಲಾ. ಅಂದ್ರ ಗೊಬ್ಬರ ತೆಳಗ. ಬಿಸಿಲು ಮ್ಯಾಲ. ಗೊಬ್ಬರಕ್ಕ ಬಿಸಿಲಿಲ್ಲ, ಬಿಸಿಲಿಗೆ ಗೊಬ್ಬರಿಲ್ಲ. ಬೆಳಿ ಹೆಂಗ ಬರಬೇಕಲೇ?” ನಮ್ಮ ಕಡೆಯಂಥ ಬಿಸಿಲಿನ ಸೀಮೆಯ ಸಮುದ್ರದಲ್ಲಿ ಮೇಲಿನ ನೀರು ಕಾದು ಹಗುರಾಗಿ, ತಳದ ತಣ್ಣೀರಿನ ಮೇಲೆ ಮುಚ್ಚಳದ ಹಾಗೆ ಕೂತುಬಿಡುತ್ತದಂತೆ. ಗಾಳಿ ಆ ಮುಚ್ಚಳವನ್ನು ಒಂದು ಕಡೆಗೆ ನೂಕಿದಾಗ ಮಾತ್ರ ತಳದ ನೀರು ತನ್ನ ಸತ್ವ ಹೊತ್ತುಕೊಂಡು ಮೇಲೆ ಬರುತ್ತದೆ. ಬಂದದ್ದನ್ನು ಸಮುದ್ರದ ಹರಿವು ಹೊತ್ತುಕೊಂಡು ಹೋಗುತ್ತದೆ. ಹೋದ ದಾರಿಯಲ್ಲಿ ಪಾಚಿ ಬೆಳೆಯುತ್ತದೆ, ಪಾಚಿಗೆ ಮೀನು ಮುತ್ತುತ್ತದೆ. ಮಳೆಗಾಲದಲ್ಲಿ ಮಂಗಳೂರು ಕಡೆ ಹಾಗೆ ಆಗುವುದರಿಂದಲೇ ಮಳೆ ನಿಂತ ಮೇಲೆ ಅಲ್ಲಿ ಬೂತಾಯಿ ಮೀನು ದೋಣಿಗಟ್ಟಲೆ ಸಿಗುತ್ತದೆ ಅಂತ ಅವರು ಕಣ್ಣಾರೆ ಕಂಡದ್ದನ್ನು ಹೇಳುತ್ತಿದ್ದರು.

ನಂಬಲಿಲ್ಲ ನಾವು. ಸುಳ್ಳು ಯಾಕೆ ಹೇಳಲಿ. ಆಗ ಅವರು ಕುಂಬಾರರ ಮನೆಯಿಂದ ಅಗಲ ಬಾಯಿಯ ಹೊಸ ಬಾನಿ ತರಿಸಿದರು. ಮಡಿಕೆಯ ತಣ್ಣೀರಿನಲ್ಲಿ ಬೆಲ್ಲ ಕದಡಿ ಅದರಲ್ಲಿ ಅರ್ಧಕ್ಕೆ ಹೊಯ್ದರು. ಮೇಲೆ ಒಂದು ಮುತ್ತುಗದ ಎಲೆ ತೇಲಿಬಿಟ್ಟು, ಎಲೆಯ ಮೇಲೆ ಸಣ್ಣಗೆ ಬಿಸಿನೀರು ಬಿಟ್ಟರು. ಎರಡೂ ನೀರು ಬೆರೆಯಲಿಲ್ಲ. “ನೆಕ್ಕಿ ನೋಡು” ಅಂದರು ನನಗೆ. ಮೇಲಿನ ನೀರಿಗೆ ಬೆರಳು ತಾಗಿಸಿ ನೆಕ್ಕಿದೆ. ಸಪ್ಪೆ, ಬಿಸಿ. ನನ್ನ ಕೈಗೊಂದು ಮೊರ ಕೊಟ್ಟು, “ಈ ಕಡಿಂದ ಬೀಸು” ಅಂದರು. ಬೀಸಿದೆ, ರಟ್ಟೆ ಸೋತು ಬರುವ ತನಕ ಬೀಸಿದೆ. “ನಿಂತ್ಯಾಕ? ಗಾಳಿ ದಣೀತೈತೇನು?” ಅಂತ ಬೈಗುಳ ಬೇರೆ. ಆಮೇಲೆ ನಾನು ನಿಂತಿದ್ದ ದಂಡೆಯಲ್ಲೇ ಬೆರಳಿಟ್ಟೆ. ತಣ್ಣಗಿತ್ತು! ನೆಕ್ಕಿದೆ. ಸಿಹಿ! “ಸಾರ್, ಬೆಲ್ಲ ಮ್ಯಾಲ ಬಂದೈತ್ರೀ!” ಅಂತ ಕೂಗಿದೆ. ಇಡೀ ಕ್ಲಾಸು ಬಾನಿಗೆ ಮುಗಿಬಿತ್ತು. ಆ ಮನುಷ್ಯ ನಕ್ಕದ್ದನ್ನು ನಾನು ಕಂಡದ್ದು ಅವತ್ತೊಂದೇ ದಿನ.

ನಮ್ಮದು ಕುರಿ ಕಾಯುವ ಮನೆತನ. ಸುಗ್ಗಿಯಾದ ಮೇಲೆ ರೈತರು ನಮ್ಮ ಹಿಂಡನ್ನು ತಮ್ಮ ಹೊಲದಲ್ಲಿ ತರುಬಿಸಿಕೊಳ್ಳುತ್ತಾರೆ. ಹಗಲೆಲ್ಲ ಎಲ್ಲೆಲ್ಲೋ ಮೇಯ್ದು ಬಂದ ಕುರಿ ಸುತ್ತ ಬಲೆ ಕಟ್ಟಿಸಿಕೊಂಡು ರಾತ್ರಿ ಆ ಹೊಲದಲ್ಲಿ ಮಲಗುತ್ತವೆ. ಹಿಕ್ಕೆಯ ಗೊಬ್ಬರ ಹೊಲಕ್ಕೆ, ಜೋಳ ನಮಗೆ. ಬಾನಿಯ ಮುಂದೆ ನಿಂತಾಗ ನನಗೆ ಅದೇ ಹೊಳೆಯಿತು. “ಸಾರ್, ಸಮುದ್ರದ ನೀರೂ ನಮ್ಮ ಕುರಿ ಇದ್ದಂಗೇ ಐತಲ್ರೀ. ಮೇಯೋದು ಒಂದ್ಕಡಿ, ಹಿಕ್ಕಿ ಹಾಕೋದು ಒಂದ್ಕಡಿ. ಹಿಂಡು ತರುಬಿದಲ್ಲಿ ಬೆಳಿ.” ಮೇಷ್ಟ್ರು ನನ್ನ ಕೈಯಿಂದ ಮೊರ ಕಿತ್ತುಕೊಂಡರು. ತಪ್ಪು ಹೇಳಿದೆ, ಬಿತ್ತು ಏಟು ಅಂದುಕೊಂಡೆ. ಅವರು ಬೋರ್ಡಿನ ಹತ್ತಿರ ಹೋಗಿ, ಬರೆದದ್ದನ್ನೆಲ್ಲ ಅಳಿಸಿ, ದೊಡ್ಡ ಅಕ್ಷರದಲ್ಲಿ ನನ್ನ ಮಾತನ್ನೇ ಬರೆದರು. “ಬರ್ಕೊಳ್ರಲೇ ಎಲ್ಲಾರೂ. ನಾ ಹತ್ತು ದಿನದಿಂದ ಬಡಕೊಂಡಿದ್ದು ಇಕಿ ಒಂದು ಮಾತಿನಾಗ ಹೇಳ್ಯಾಳ.” ಎಲ್ಲರೂ ಬರೆದುಕೊಂಡರು. ಅದೇ ಮುಳುವಾಯಿತು.

ಎಂಟನೇ ಕ್ಲಾಸಿನ ಸರ್ಕಾರಿ ಪರೀಕ್ಷೆ ನನಗೆ ಎಲ್ಲದರ ಬಾಗಿಲು. ಪಾಸಾದರೆ ಆದೋನಿಯ ಹುಡುಗಿಯರ ಹಾಸ್ಟೆಲಿನಲ್ಲಿ ಜಾಗ, ಮುಂದೆ ಟ್ರೇನಿಂಗ್, ಮಾಸ್ತರಿಕೆ. ಫೇಲಾದರೆ ಸೋದರಮಾವ ಕಾಯುತ್ತಿದ್ದ. ನನಗಿಂತ ಹದಿನಾರು ವರ್ಷ ದೊಡ್ಡವನು, ಮೊದಲ ಹೆಂಡತಿ ತೀರಿಹೋಗಿದ್ದಳು. ಅಪ್ಪ ಕೆಟ್ಟವನಲ್ಲ, ನೇರ ಮನುಷ್ಯ. “ಪಾಸಾದ್ರ ಆದೋನಿ. ಇಲ್ಲಂದ್ರ ಮಾವನ ಮನಿ. ಆಮ್ಯಾಲ ಅಳಬ್ಯಾಡ” ಅಂದುಬಿಟ್ಟಿದ್ದ. ಇದು ಮೇಷ್ಟ್ರಿಗೂ ಗೊತ್ತಿತ್ತು. ಅಪ್ಪನನ್ನು ಕೂರಿಸಿಕೊಂಡು ಬೈದು ಅಷ್ಟಕ್ಕೆ ಒಪ್ಪಿಸಿದವರೇ ಅವರು.

ಪ್ರಶ್ನೆಪತ್ರಿಕೆ ಬಂತು. “ಉಷ್ಣವಲಯದ ಸಮುದ್ರಗಳಲ್ಲಿ ಮೀನು ಹೇರಳವಾಗಿರಲು ಕಾರಣವೇನು?” ಪುಸ್ತಕದಲ್ಲಿದ್ದ ಉತ್ತರ ಒಂದೇ ಸಾಲು: ಬಿಸಿಲು ಹೆಚ್ಚು, ನೀರು ಬೆಚ್ಚಗೆ, ಆದುದರಿಂದ ಮೀನು ಹೆಚ್ಚು. ನಾನು ಎರಡು ಪುಟ ಬರೆದೆ. ಎಲ್ಲ ಕಡೆ ಹೇರಳವಿಲ್ಲ, ಬೆಚ್ಚಗಿನ ನೀರೇ ಮುಚ್ಚಳ, ತಳದ ನೀರು ಮೇಲೆ ಬಂದಲ್ಲಿ ಮಾತ್ರ ಮೀನು ಅಂತ. ಕೊನೆಗೆ ಕುರಿ, ಹಿಕ್ಕೆ, ತರುಬು ಎಲ್ಲವನ್ನೂ ಬರೆದೆ. ನಮ್ಮ ಕ್ಲಾಸಿನ ಹನ್ನೊಂದು ಜನರೂ ಬರೆದರು. ನಮಗೇನು ಗೊತ್ತು? ಕುರಿ ಹಿಕ್ಕೆಯನ್ನು ಸರ್ಕಾರಿ ಪರೀಕ್ಷೆಯ ಪೇಪರಿನಲ್ಲಿ ಬರೆಯಬಾರದು ಅಂತ ನಮಗೆ ಯಾರು ಹೇಳಿದ್ದರು? ಕುರಿ ಕಾಯುವ ಊರಿನವರು ಮಾತ್ರ ಮಾಡುವ ತಪ್ಪು ಅದು.

ಹನ್ನೊಂದು ಪೇಪರಿನಲ್ಲೂ ಒಂದೇ ಕುರಿ ಕಂಡ ಪರೀಕ್ಷಕರಿಗೆ, ಇದು ಕಾಪಿ, ಇಲ್ಲವೇ ಕುಚೋದ್ಯ ಅನ್ನಿಸಿತಂತೆ. ನಮ್ಮೆಲ್ಲರ ಫಲಿತಾಂಶ ತಡೆಹಿಡಿದು, ವಿಚಾರಣೆಗೆ ಒಬ್ಬ ಅಧಿಕಾರಿಯನ್ನು ಕಳಿಸಿದರು. ಅವರು ಬರುವ ದಿನ ಬೆಳಗ್ಗೆ ಹೆಡ್‌ಮೇಷ್ಟ್ರು ನನ್ನನ್ನು ಮೂಲೆಗೆ ಕರೆದರು. “ನೋಡು, ನೀ ಶಾಣೇಕಿ ಅಂತ ಮೊದ್ಲು ನಿನ್ನೇ ಕೇಳತಾರ. ನೀ ಹೇಳಿದಂಗ ಉಳಿದವರೂ ಹೇಳತಾರ. ಪುಸ್ತಕದಾಗ ಇದ್ದದ್ದು ಹೇಳಿದ್ರ ಎಲ್ಲಾರೂ ಪಾಸ್. ಇಲ್ಲಾಂದ್ರ ಹನ್ನೊಂದೂ ಮಂದಿ ಮನಿಗೆ. ಕುರಿ ಗಿರಿ ಅಂದೀ, ನಿನ್ನ ಲಗ್ನದ ಊಟಕ್ಕ ಬರತೀನಿ.” ಹದಿಮೂರು ವರ್ಷದ ಹುಡುಗಿಗೆ ಆಡುವ ಮಾತೇ ಇದು? ಈಗಲೂ ನೆನೆಸಿಕೊಂಡರೆ ಹಲ್ಲು ಕಡಿಯುವ ಹಾಗಾಗುತ್ತದೆ. ಸಭೆಯಲ್ಲಿ ಅವರಾಡಿದ ‘ಕಣ್ಮಣಿ’ ಮಾತು ಹಾಳಾಗಲಿ!

ಅಧಿಕಾರಿ ಬಂದು ಕುರ್ಚಿಯ ಮೇಲೆ ಕೂತರು. ಮುಂದೆ ಮೇಜು, ಮೇಜಿನ ಮೇಲೆ ಪುಸ್ತಕ. ನಾವು ಹನ್ನೊಂದು ಜನ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದೆವು. ನಮ್ಮ ಮೇಷ್ಟ್ರು ಆ ಬಾನಿಯನ್ನು ತಾವೇ ಹೊತ್ತು ತಂದು ಬಾಗಿಲಲ್ಲಿ ಇಳಿಸಿದರು. ಕಂಕುಳಲ್ಲಿ ಮೊರ, ಕೈಯಲ್ಲಿ ಬೆಲ್ಲದ ಪುಡಿಕೆ.

“ಹತ್ತು ನಿಮಿಷ ಕೊಡ್ರಿ ಸಾರ್. ನಾ ಹೇಳೋದು ಬ್ಯಾಡ, ನೀವೇ ನೆಕ್ಕಿ ನೋಡೀರಂತ.”

ಅಧಿಕಾರಿ ಹುಬ್ಬು ಗಂಟಿಕ್ಕಿದರು. “ಬೆಲ್ಲಂ ನೀಳ್ಳು ತಾಗಡಾನಿಕಿ ರಾಲೇದಯ್ಯಾ ನೇನು.” ಬೆಲ್ಲದ ನೀರು ಕುಡಿಯಲು ಬಂದಿಲ್ಲ ನಾನು ಅಂತ. ಹೆಡ್‌ಮೇಷ್ಟ್ರು ಜೋರಾಗಿ ನಕ್ಕರು. ಆ ನಗೆಗೆ ಬೆಂಕಿ ಬೀಳ.

“ನಾ ಈ ನೀರಿನ ಕೆಲಸ ಮಾಡೇನ್ರಿ” ಅಂದರು ಮೇಷ್ಟ್ರು. ದನಿ ಏರಿತ್ತು. “ಸೀಸೆ ಇಳಿಬಿಟ್ಟು ನೋಡೇನಿ. ಆ ಪುಸ್ತಕ ಬರದವರು ನೋಡಿಲ್ಲ.”

“ನಿಮ್ಮದು ಟ್ರೇನಿಂಗ್ ಆಗೈತೇನು?” ಅಂದರು ಅಧಿಕಾರಿ, ತಮಗೆ ಬಂದಷ್ಟು ಕನ್ನಡದಲ್ಲಿ.

ಮೇಷ್ಟ್ರು ಬೆಲ್ಲದ ಪುಡಿಕೆಯನ್ನು ಬಾನಿಯ ಪಕ್ಕದಲ್ಲಿ ಇಟ್ಟರು. ಅಧಿಕಾರಿ ನನ್ನ ಕಡೆ ತಿರುಗಿ, ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಅದೇ ಪ್ರಶ್ನೆ ಕೇಳಿದರು. ಉಷ್ಣವಲಯದ ಸಮುದ್ರದಲ್ಲಿ ಮೀನು ಯಾಕೆ ಹೆಚ್ಚು?

ಮೇಷ್ಟ್ರು ನನ್ನನ್ನೇ ನೋಡುತ್ತಿದ್ದರು. ಹೆದರಿಕೆ ಇರಲಿಲ್ಲ ಅವರ ಮುಖದಲ್ಲಿ. ಇಕಿ ಹೇಳತಾಳ ಅನ್ನುವ ಧೈರ್ಯ ಇತ್ತು. ಕಿಟಕಿಯಾಚೆ ಬೇವಿನ ಮರದ ಕೆಳಗೆ ಅಪ್ಪ ಕೂತಿದ್ದ. ಅವನ ಪಕ್ಕದಲ್ಲಿ ಬೀಡಿ ಸೇದುತ್ತ ಮಾವ.

“ಬಿಸಿಲು ಹೆಚ್ಚು, ನೀರು ಬೆಚ್ಚಗೆ, ಅದಕ್ಕ ಮೀನು ಹೆಚ್ಚು” ಅಂದೆ.

“ಮರಿ ಈ ಗೊರ್ರೆಲು?” ಮತ್ತೆ ಈ ಕುರಿ ಏನು ಅಂತ ಪೇಪರಿನ ಮೇಲೆ ಬೆರಳು ಬಡಿದರು.

ಸುಮ್ಮನಿದ್ದಿದ್ದರೂ ಆಗುತ್ತಿತ್ತು. ಗೊತ್ತಿಲ್ಲ ಅಂದಿದ್ದರೂ ಆಗುತ್ತಿತ್ತು. ನಾನು ಅಂದದ್ದು ಇಷ್ಟು: “ಅದು ಸಾರ್ ನಗಸಾಕ ಹೇಳಿದ್ರು.”

ಕುರಿಯ ಮಾತು ನನ್ನದು. ನನ್ನ ಬಾಯಿಂದ ಬಂದದ್ದು. ಬೋರ್ಡಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿಕೊಂಡು ಉಬ್ಬಿಹೋಗಿದ್ದವಳು ನಾನು. ಅದನ್ನು ಅವರ ತಲೆಗೆ ಕಟ್ಟಿದೆ.

ಈಗ ಸಿಡಿಯುತ್ತಾರೆ, ಸೀಮೆಸುಣ್ಣ ಅಲ್ಲ ಬಾನಿಯನ್ನೇ ಎತ್ತಿ ಒಗೆಯುತ್ತಾರೆ ಅಂತ ನಾನು ಕಣ್ಣು ಮುಚ್ಚಿದೆ. ಅವರು ಮೊರವನ್ನು ಗೋಡೆಗೆ ಒರಗಿಸಿದ ಸದ್ದು ಕೇಳಿತು.

“ಹೌದ್ರಿ ಸಾರ್” ಅಂದರು. ಅಷ್ಟು ಸಣ್ಣ ದನಿ ಅವರದ್ದು ನಾನು ಕೇಳಿರಲೇ ಇಲ್ಲ. “ನಗಸಾಕ ಹೇಳಿದ್ದೆ. ಹುಡುಗರು ಖರೇ ಅಂತ ತಿಳಕೊಂಡ್ರು. ಅವರದೇನೂ ತಪ್ಪಿಲ್ಲ. ಎಲ್ಲಾರ್ನೂ ಪಾಸ್ ಮಾಡ್ರಿ.”

ನನ್ನದಾದ ಮೇಲೆ ಉಳಿದ ಹತ್ತು ಜನ ಒಬ್ಬೊಬ್ಬರಾಗಿ, ಬಿಸಿಲು ಹೆಚ್ಚು, ನೀರು ಬೆಚ್ಚಗೆ ಅಂದರು. ಎಲ್ಲರೂ ಪಾಸಾದೆವು. ಮಾವ ಎದ್ದು ಹೋದ. ಮಕ್ಕಳಿಗೆ ಪಾಠವನ್ನು ಕುಚೋದ್ಯ ಮಾಡಿ ಹೇಳಿದ ತಪ್ಪಿಗೆ, ತಾವೇ ಒಪ್ಪಿಕೊಂಡ ತಪ್ಪಿಗೆ, ಮೇಷ್ಟ್ರನ್ನು ಚಿಪ್ಪಗಿರಿ ಕಡೆಯ ಒಂದು ಹಳ್ಳಿಗೆ ಹಾಕಿದರು. ಒಬ್ಬರೇ ಮೇಷ್ಟ್ರ ಶಾಲೆ. ಅಲ್ಲಿ ಅ ಆ ಇ ಈ, ಮಗ್ಗಿ. ಭೂಗೋಳವಿಲ್ಲ, ಗೋಳವೂ ಇಲ್ಲ. ರಿಟೈರಾಗುವ ತನಕ ಅಲ್ಲೇ ಇದ್ದರು. ಆ ದೋಣಿ, ಆ ಸೀಸೆ, ಆ ತಣ್ಣೀರು ಎಲ್ಲವನ್ನೂ ಕಂಡಿದ್ದ ಕಣ್ಣುಗಳು ಇಡೀ ಆಯುಷ್ಯ ಸ್ಲೇಟಿನ ಮೇಲಿನ ಸೊಟ್ಟ ಅಕ್ಷರ ತಿದ್ದಿದವು. ಶಾಂತ ಸ್ವಭಾವವಂತೆ!

ನನಗೆ ಟ್ರೇನಿಂಗ್ ಮುಗಿದು ಕೆಲಸ ಸಿಕ್ಕಿತು. ಮೊದಲ ವರ್ಷವೇ ಭೂಗೋಳ ನನ್ನ ಪಾಲಿಗೆ ಬಂತು. ಒಂದು ಭಾನುವಾರ ಅವರನ್ನು ಹುಡುಕಿಕೊಂಡು ಹೋದೆ. ಶಾಲೆಯ ಕಟ್ಟೆಯ ಮೇಲೆ ಕೂತು ಅಂಗಿಗೆ ಗುಂಡಿ ಹಚ್ಚುತ್ತಿದ್ದರು. ಕಾಲಿಗೆ ಬಿದ್ದೆ. “ತಪ್ಪಾತ್ರೀ ಸಾರ್” ಅಂದೆ.

“ಎದ್ದೇಳು. ತಪ್ಪೇನೈತಿ ಅದರಾಗ? ಹುಡುಗಿ ನೀನು. ನಾ ಸುಳ್ಳು ಹೇಳದಿದ್ರ ನಿನ್ನ ಮಾವನ ಮನಿಗೆ ಒಯ್ದು ಬಿಡತಿದ್ರು.” ನೀರು ಕೊಟ್ಟರು. ಊಟ ಮಾಡಿಕೊಂಡು ಹೋಗು ಅಂದರು. ಆಮೇಲೆ ಗುಂಡಿ ಹಚ್ಚುತ್ತಲೇ ಕೇಳಿದರು: “ಸಮುದ್ರದ ಪಾಠ ಬಂದಾಗ ಏನ್ ಹೇಳಿಕೊಡತಿ?”

“ಪರೀಕ್ಷಾ ಐತಲ್ರೀ ಸಾರ್” ಅಂದೆ. “ಪುಸ್ತಕದಾಗ ಇದ್ದಂಗ...”

ಸೂಜಿ ನಿಂತಿತು. ಹಳೆಯ ಸಿಟ್ಟು ಮುಖಕ್ಕೆ ಏರಿದ್ದನ್ನು ಕಂಡು ನನಗೆ ಒಂದು ಗಳಿಗೆ ಸಮಾಧಾನವೇ ಆಯಿತು, ಬೈಯಲಿ, ಹೊಡೆಯಲಿ ಅನ್ನಿಸಿತು. ಅವರು ಬೈಯಲಿಲ್ಲ.

“ಅವತ್ತು ನಿನ್ನ ಸಲುವಾಗಿ ನಾ ಸುಳ್ಳು ಹೇಳಿದೆ” ಅಂದರು. “ನೀ ಈಗ ಯಾರ ಸಲುವಾಗಿ ಹೇಳತೀದಿ?”

ಬಸ್ಸಿಗೆ ಹೊತ್ತಾಯಿತು ಅಂತ ಎದ್ದುಬಂದೆ. ಮತ್ತೆ ಆ ಕಡೆ ಹೋಗಲಿಲ್ಲ. ಹೆಡ್‌ಮೇಷ್ಟ್ರಿಗೆ ಬೈಯುತ್ತೇನೆ, ಆ ಅಧಿಕಾರಿಗೆ ಬೈಯುತ್ತೇನೆ, ಬಾಯಿ ನೋಯುವ ತನಕ ಬೈಯುತ್ತೇನೆ. ಆದರೆ ಆ ಪುಸ್ತಕ ಬದಲಾಗುವ ತನಕ ವರ್ಷ ವರ್ಷವೂ ನನ್ನ ಕ್ಲಾಸಿನಲ್ಲಿ ನಲವತ್ತು ಮಕ್ಕಳನ್ನು ನಿಲ್ಲಿಸಿ, ಬಿಸಿಲು ಹೆಚ್ಚು, ನೀರು ಬೆಚ್ಚಗೆ, ಆದುದರಿಂದ ಮೀನು ಹೆಚ್ಚು ಅಂತ ಒಂದೇ ರಾಗದಲ್ಲಿ ಬಾಯಿಪಾಠ ಮಾಡಿಸಿದವಳು ನಾನು. ಆಗ ನನ್ನನ್ನು ಯಾವ ಹೆಡ್‌ಮೇಷ್ಟ್ರೂ ಹೆದರಿಸಿರಲಿಲ್ಲ, ಕಿಟಕಿಯಾಚೆ ಯಾವ ಮಾವನೂ ಕೂತಿರಲಿಲ್ಲ. ನನ್ನ ಕ್ಲಾಸಿನಲ್ಲಿ ಭೂಗೋಳಕ್ಕೆ ಒಬ್ಬರೂ ಫೇಲಾಗಲಿಲ್ಲ.